ಬಾಗಿಲಿಗಿಟ್ಟ ಬಟ್ಟು

“ಲೇ ಗುಂಡಿ ಮಾರೋಳೇ, ದಿಂಬಿನ ಚೀಲದಲ್ಲಿ ಯಾರನ್ನ ತುಂಬ್ಕೊಂಡ್ ಬಂದಿದೀಯ, ಗಂಡನ್ನಾ?”

ಸುಂಕದ ಸಾಹೇಬ ಬೂಟಿನ ತುದಿಯಿಂದ ಅಕ್ಕನ ಮೂಟೆಯನ್ನು ಒತ್ತಿದ.

“ಅವನಿಗಷ್ಟು ತೂಕ ಎಲ್ಲಿದೆ ಸಾರ್,” ಅಂದಳು ಅಕ್ಕ.

ದರ್ಜಿಗಳಿಗೆ ಅಂಗಿಯ ಗುಂಡಿ ಮಾರುವ ನಮ್ಮ ಗೂಡಂಗಡಿಗೆ ಮಾಲು ಗಡಿಯಾಚೆಯಿಂದ ಬರಬೇಕು. ನಲವತ್ತು ಕಿಲೋದೊಳಗಿದ್ದರೆ ಸಣ್ಣ ವ್ಯಾಪಾರಿಯ ಸುಂಕ. ದಾಟಿದರೆ ಲಾರಿಯಲ್ಲಿ ತರುವವರ ಸುಂಕ. ಅದನ್ನು ಒಂದು ಸಲ ಕಟ್ಟಿದರೂ ನಾವು ಅಂಗಡಿ ಮುಚ್ಚಬೇಕು. ಅದಕ್ಕೇ ಆಚೆಯ ಸಗಟು ಅಂಗಡಿಯಲ್ಲೇ ರಟ್ಟಿನ ಡಬ್ಬಿಗಳನ್ನೆಲ್ಲ ಎಸೆದು, ಗುಂಡಿಗಳನ್ನು ಹಳೆಯ ದಿಂಬಿನ ಚೀಲಗಳಿಗೆ ಸುರಿದು, ಎರಡು ಸಲ ತೂಗಿದ್ದೆವು. ಎರಡು ಸಲವೂ ಮೂವತ್ತೊಂಬತ್ತು.

ಇಲ್ಲಿ, ಸುಂಕದ ಕಟ್ಟೆಯ ತೂಕದ ಯಂತ್ರದಲ್ಲಿ, ಮುಳ್ಳು ನಲವತ್ತೆರಡಕ್ಕೆ ಹೋಗಿ ನಿಂತಿತು.

ಇನ್ನೊಮ್ಮೆ ತೂಗಿ ಎಂದು ಅಕ್ಕ ಕೇಳಿಕೊಂಡಳು. ಸರ್ಕಾರದ ಯಂತ್ರ ನಿಮ್ಮ ಜಾತಿಯವರ ಹಾಗೆ ಸುಳ್ಳು ಹೇಳುವುದಿಲ್ಲ ಎಂದು ಸಾಹೇಬ ಲಾರಿಯವರ ಫಾರಂ ತರಲು ಒಳಕೋಣೆಗೆ ಹೋದ. ಅದು ಬಡಿದರೆ ತಾನೇ ಬೀಗ ಬೀಳುವ ಬಾಗಿಲು. ಗಾಳಿಗೆ ಬಡಿಯದಂತೆ ಕಬ್ಬಿಣದ ತುಂಡೊಂದನ್ನು ಅದಕ್ಕೆ ಒತ್ತಿಟ್ಟಿದ್ದರು. ಅಕ್ಕನ ಕಣ್ಣು ಅಲ್ಲೇ ಇತ್ತು. ನಾನೂ ಬಗ್ಗಿ ನೋಡಿದೆ. ತುಕ್ಕಿನ ನಡುವೆ ಸರ್ಕಾರದ ಮುದ್ರೆ. ಕೆಳಗೆ ಇಪ್ಪತ್ತು ಕಿಲೋ ಎಂಬ ಬರಹ. ಯಂತ್ರವನ್ನು ಪರೀಕ್ಷಿಸಲೆಂದೇ ಕೊಟ್ಟಿದ್ದ ತೂಕದ ಬಟ್ಟು.

“ಹಿಡಿಯೇ,” ಅಂದಳು.

ಇಬ್ಬರೂ ಎತ್ತಿದೆವು. ಬಾಗಿಲು ಧಡಾರನೆ ಹಾಕಿಕೊಂಡಿತು. ಮೂಟೆ ಇಳಿಸಿ ಬಟ್ಟನ್ನು ಯಂತ್ರದ ಮೇಲಿಟ್ಟೆವು. ಇಪ್ಪತ್ತೊಂದೂವರೆ.

“ಸಾರ್, ನಿಮ್ ಬಟ್ಟೂ ಒಳಗೇನೋ ಕದ್ದು ತುಂಬ್ಕೊಂಡಿದೆ. ಅದಕ್ಕೂ ಸುಂಕ ಜಡೀರಿ,” ಎಂದು ಅಕ್ಕ ಮುಚ್ಚಿದ ಬಾಗಿಲಿನತ್ತ ಕೂಗಿದಳು.

ನಮ್ಮ ಹಿಂದೆ ಗಂಟು ಹೊತ್ತು ನಿಂತಿದ್ದ ಸಣ್ಣ ವ್ಯಾಪಾರಿಗಳ ಸಾಲೆಲ್ಲ ನಕ್ಕಿತು. ಹೋದ ಸಲ ಲಾರಿಯವರ ಸುಂಕ ತೆತ್ತಿದ್ದ, ಬಾಚಣಿಗೆ ಮಾರುವ ಅಜ್ಜ ಮಾತ್ರ ನಗದೆ, ಯಂತ್ರದ ಹತ್ತಿರ ಬಂದು, ಅದಕ್ಕೇ ಹೇಳುವವನಂತೆ, “ಥೂ ಬೋಳಿಮಗನೇ,” ಎಂದ.

ಸಾಹೇಬ ಒಳಗಿನಿಂದ ಚಿಲಕ ತಿರುಗಿಸಿಕೊಂಡು ಹೊರಬಂದ. ಬಟ್ಟನ್ನು ಇದ್ದಲ್ಲೇ ಇಡಬೇಕು, ಇಲ್ಲದಿದ್ದರೆ ಪೊಲೀಸರನ್ನು ಕರೆಸುತ್ತೇನೆ ಎಂದ. ಅಷ್ಟರಲ್ಲಿ ಗಾಳಿ ಬಾಗಿಲನ್ನು ಮತ್ತೆ ದಬ್ಬಿತು. ಬೀಗದ ಕೈ, ಮೊಹರು ಎಲ್ಲ ಒಳಗಿದ್ದವು. ಗಾಬರಿಯಲ್ಲಿ ಬೂಟನ್ನು ಅಡ್ಡ ಕೊಟ್ಟು ನಿಂತ.

ಅಕ್ಕ ಯಂತ್ರದ ಮೇಲೆ ಹತ್ತಿ, ಬಟ್ಟನ್ನು ತಬ್ಬಿಕೊಂಡು, ಚಕ್ಕಂಬಕ್ಕಲ ಹಾಕಿ ಕೂತಳು.

“ಮೂವತ್ತೊಂಬತ್ತು ಅಂತ ಬರೀರಿ, ಏಳ್ತೀನಿ.”

ಬರೆಯುವ ಪುಸ್ತಕ ಮೇಜಿನ ಮೇಲಿತ್ತು. ಮೇಜು ಬಾಗಿಲಿನಿಂದ ಆರು ಹೆಜ್ಜೆ. ಸಾಲಿನವರೂ ತಮ್ಮ ತಮ್ಮ ಗಂಟು ಇಳಿಸಿ ಅವುಗಳ ಮೇಲೆ ಕೂತರು. ಯಾರಿಗೂ ಅವಸರವಿರಲಿಲ್ಲ. ಗಾಳಿ ಜೋರಾಯಿತು, ಬೂಟು ಸಣ್ಣಗೆ ಜಾರಿತು.

“ಕಾಲು ನೋಯ್ತಿದೆಯಾ ಸಾರ್?” ಅಂದಳು ಅಕ್ಕ.