ಧೂಳನ್ನು ಅಚ್ಚುಹಾಕಿದ ಪ್ರಿಂಟರು ನಾನು

ನಾನು ಒಂದು ಇಂಕ್‌ಜೆಟ್ ಪ್ರಿಂಟರು. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಪೆಟ್ಟಿಗೆಗೆ ಹಾಕುವ ಮುಂಚೆ ಒಬ್ಬಾಕೆ ನನ್ನಿಂದ ಪರೀಕ್ಷೆಯ ಹಾಳೆ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಪಕ್ಕಕ್ಕಿಟ್ಟಳು. ನಾನು ಪಾಸಾದೆನೋ ಇಲ್ಲವೋ ಎಂಬ ಅನುಮಾನ ಅವತ್ತು ಶುರುವಾದದ್ದು ನಿನ್ನೆಯವರೆಗೂ ಪೂರ್ತಿ ಹೋಗಿರಲಿಲ್ಲ.

ನನ್ನ ಹೊಟ್ಟೆಯಲ್ಲಿ ಎಂಟು ಶಾಯಿ ಡಬ್ಬಿಗಳು. ಐದು ಬಣ್ಣದವು; ಉಳಿದ ಮೂರು ಕಪ್ಪು, ಬೂದು ಮತ್ತು ತಿಳಿಬೂದು. ಮೊದಲ ಒಡೆಯರು ಮೈಸೂರಿನಲ್ಲಿ ಮದುವೆ ಆಲ್ಬಮ್ ಮಾಡುವವರು. ಅವರಲ್ಲಿ ನಾಲ್ಕು ವರ್ಷ ಬರೀ ರೇಷ್ಮೆ ಸೀರೆ, ಹೂವಿನ ಹಾರ. ಬೂದು ಡಬ್ಬಿಗಳಿಗೆ ಕೆಲಸವೇ ಇರಲಿಲ್ಲ. ಅವರು ದೊಡ್ಡ ಯಂತ್ರ ತಂದ ಮೇಲೆ ನಾನು ಅರಸೀಕೆರೆಯ ಶೋಭಾ ಸ್ಟುಡಿಯೊಗೆ ಬಂದೆ.

ಸ್ಟುಡಿಯೊ ನಡೆಸುತ್ತಿದ್ದವಳು ಗಂಗಾ. ಕಂಪ್ಯೂಟರನ್ನು ಸಂಜೆ ತರಗತಿಯಲ್ಲಿ ಕಲಿತವಳು. ಹಗಲೆಲ್ಲ ಪಾಸ್‌ಪೋರ್ಟ್ ಫೋಟೊ. ಸಂಜೆ ಐದರ ನಂತರ ಪುಸ್ತಕ ತೆರೆದಿಟ್ಟು ನನ್ನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುವಳು. ಆದ್ದರಿಂದ ನನ್ನ ವಿದ್ಯೆಯೂ ಸಂಜೆಯದೇ.

ಅವಳ ಅಪ್ಪ ಮರುಳಪ್ಪನವರು ಸ್ಟುಡಿಯೊದ ಹಿಂಭಾಗದ ಕತ್ತಲೆಕೋಣೆಯಲ್ಲಿ ನಲವತ್ತು ವರ್ಷ ಕಪ್ಪುಬಿಳುಪು ಚಿತ್ರ ತೊಳೆದವರು. ಆ ಕಾಗದ ಸಿಗದಂತಾದಾಗ ಕೋಣೆಗೆ ಬೀಗ ಹಾಕಿದರು. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಸೋಮವಾರ ಫೋನು ಬಂತು. ಹೆಣ್ಣುಮಕ್ಕಳ ಹೈಸ್ಕೂಲಿನ ಹಳೆಯ ಖೋಖೋ ತಂಡದವರು ಭಾನುವಾರ ಸೇರುವವರಿದ್ದರು. ಮಾತಾಡಿದ್ದು ನಾಯಕಿ ಜಯಶೀಲಾ.

“ಮರುಳಪ್ಪಣ್ಣ, ಫೈನಲ್‌ನಲ್ಲಿ ನಾನು ಡೈವ್ ಹೊಡೆದ ಫೋಟೊ ದೊಡ್ಡದು ಮಾಡಿಕೊಡಿ. ನಮ್ಮ ಟೀಮಿನ ಆ ಮಂಗಳಾ ನಲವತ್ತು ವರ್ಷದಿಂದ ನಾನು ಕಾಲು ಜಾರಿ ಬಿದ್ದೆ ಅಂತಾನೇ ಹೇಳ್ಕೊಂಡು ತಿರುಗ್ತಾಳೆ!”

ನೆಗೆಟಿವ್ ಸಿಕ್ಕಿತು. ಮರುಳಪ್ಪನವರು ಭೂತಗನ್ನಡಿ ಹಿಡಿದು ನೋಡಿದರು. “ಧೂಳು ನೋಡು ಗಂಗಾ. ಕಾಲು ಒದ್ದ ಜಾಗದಲ್ಲಿ ಎಷ್ಟು ತೆಳ್ಳಗೆ ಎದ್ದದೆ! ಈ ಧೂಳು ಬಂದ್ರೆ ಫೋಟೊ. ಇಲ್ದಿದ್ರೆ ಜಯಶೀಲಂಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡ್ತೀನಿ. ಕೆಟ್ಟ ಪ್ರಿಂಟಿಗೆ ನನ್ನ ಹೆಸರು ಬ್ಯಾಡ.”

ಕೋಣೆಗೆ ಬೀಗ ಹಾಕಿದ ಒಂಬತ್ತು ವರ್ಷದ ಮೇಲೆ ಅಪ್ಪ ಒಂದು ಚಿತ್ರದ ಬಗ್ಗೆ ಮಾತಾಡಿದ್ದರು. ಈ ಸಲವೂ ಕೈಬಿಟ್ಟರೆ ಮತ್ತೆ ಮುಟ್ಟುವುದಿಲ್ಲ ಎಂಬುದು ಗಂಗಾಳಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು.

ಮಂಗಳವಾರ ಗಂಗಾ ನೆಗೆಟಿವನ್ನು ಸ್ಕ್ಯಾನ್ ಮಾಡಿ, ಪಾಸ್‌ಪೋರ್ಟ್ ಫೋಟೊ ಮಾಡುವ ಸಾಫ್ಟ್‌ವೇರಿನಿಂದಲೇ ತೆಗೆದಳು. ಅದು ಐದೂ ಬಣ್ಣ ಬೆರೆಸಿ ಬೂದು ಮಾಡೆಂದು ನನಗೆ ಹೇಳಿತು. ಹುಡುಗಿಯರ ಮುಖವೆಲ್ಲ ಹಸಿರು.

“ಇವರೇನು ಖೋಖೋ ಆಡಿದ್ರೋ, ಕೆರೆ ಪಾಚಿಯಲ್ಲಿ ಮುಳುಗಿದ್ರೋ?” ಎಂದರು ಮರುಳಪ್ಪನವರು.

ಬುಧವಾರ ನನ್ನ ಜೊತೆಗೇ ಬಂದಿದ್ದ ಸಾಫ್ಟ್‌ವೇರು. ಅದರಲ್ಲಿ ಕಪ್ಪುಬಿಳುಪಿಗೆಂದೇ ಒಂದು ಜಾಗವಿತ್ತು. ಕಪ್ಪಿನ ಜೊತೆ ಬೂದು ಡಬ್ಬಿಗಳೂ ಮೊದಲ ಬಾರಿಗೆ ಎದ್ದು ನಿಂತವು. ಹಸಿರು ಮಾಯವಾಯಿತು. ಮರುಳಪ್ಪನವರು ಹಾಳೆ ನೋಡಿ, “ಕಪ್ಪು ಇನ್ನೊಂಚೂರು ತೆಳು ಮಾಡವ್ವ” ಎಂದರು. ಮಾಡಿದೆವು. ಬೆಳಿಗ್ಗೆ ಅದನ್ನೇ ನೋಡಿ ಮುಖ ಸಿಂಡರಿಸಿದರು. “ಒಗೆದ ಬಟ್ಟೆ ಥರ ಐತೆ. ಧೂಳೆಲ್ಲಿ?”

ಗುರುವಾರ, ಶುಕ್ರವಾರ ಮೂರನೆಯದು: ಫೋಟೊ ತಜ್ಞರು ಬಳಸುವ, ದುಬಾರಿ ಸಾಫ್ಟ್‌ವೇರು. ಹದಿನೈದು ದಿನ ಪುಕ್ಕಟೆ. ಪರದೆಯ ತುಂಬ ಅತ್ತಿತ್ತ ಎಳೆದು ಹೊಂದಿಸುವ ಗುಂಡಿಗಳು. ಗಂಗಾ ಒಂದೊಂದರ ಅರ್ಥವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಸಂಜೆ “ತೆಳು ಮಾಡು”, ಬೆಳಿಗ್ಗೆ “ಧೂಳಿಲ್ಲ.” ಶಾಯಿ ಚಿಮ್ಮುವ ನನ್ನ ಮೂತಿಯೇ ಸರಿಯಿಲ್ಲವೆಂದು ಎರಡು ಸಲ ತೊಳೆಸಿಕೊಂಡೆ.

ಶನಿವಾರ ಸಂಜೆ ಇನ್ನೊಂದು ಹಾಳೆ ಹೊರಬಂತು. ಮರುಳಪ್ಪನವರು ಅದನ್ನು ಎತ್ತಿಕೊಂಡು ಕತ್ತಲೆಕೋಣೆಯ ಬೀಗ ತೆಗೆದು, ಹಳೆಯ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದರು.

“ಅಪ್ಪಾಜಿ, ಅದ್ಯಾಕೆ ಅಲ್ಲಿ?”

“ಒಣಗಲಿ.”

“ಒಣಗೇ ಬಂದಿದೆಯಲ್ಲ!”

“ಹಸೀಲಿ ಸರಿಯಾಗಿ ಕಂಡ್ರೆ, ಒಣಗಿದ ಮೇಲೆ ಕಪ್ಪಾಗ್ತದೆ ಕಣವ್ವ. ಅದಕ್ಕೇ ಒಂಚೂರು ತೆಳು ಕೇಳೋದು. ನಲವತ್ತು ವರ್ಷ ಹಂಗೇ—”

ಅವರು ಅಲ್ಲಿಗೇ ನಿಂತರು. ಹಾಳೆಯನ್ನು ಬೆರಳಿಂದ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು.

“ಅಯ್ಯೋ, ಇದು ಹಸೀನೇ ಅಲ್ವಲ್ಲ,” ಎಂದರು.

ಗಂಗಾ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಮೊದಲು ನಕ್ಕದ್ದು ಅವರೇ, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು. “ಪಾಪದ್ದು, ಆ ಪ್ರಿಂಟರನ್ನು ನಾಲ್ಕು ದಿನ ಬೈದ್ನಲ್ಲೇ!”

ನನ್ನನ್ನು! ಪಾಪದ್ದು ಎಂದರು! ನಾನು ತಪ್ಪು ಮಾಡಿರಲಿಲ್ಲ.

ದುಬಾರಿ ಸಾಫ್ಟ್‌ವೇರು ಬೇಕಾಗಲಿಲ್ಲ. ಬುಧವಾರದ್ದಕ್ಕೇ ಮರಳಿ, ಕಣ್ಣಿಗೆ ಕಂಡಷ್ಟೇ ಗಾಢತೆಗೆ ತೆಗೆದೆವು. ಸಾಲು ಸಾಲಾಗಿ ಇಳಿದುಬಂದ ಹಾಳೆಯಲ್ಲಿ ಆಕಾಶ ಬಂತು, ಎರಡು ಜಡೆ ಬಂತು, ಚಾಚಿದ ಕೈ ಬಂತು. ಕೊನೆಗೆ ತಿಳಿಬೂದು ಡಬ್ಬಿ ತನ್ನ ಜೀವವನ್ನೆಲ್ಲ ಸುರಿದಾಗ, ಧೂಳು ಬಂತು.

ಭಾನುವಾರ ತಂಡದ ಹತ್ತು ಹೆಂಗಸರು ಸ್ಟುಡಿಯೊಗೇ ನುಗ್ಗಿದರು. ಜಯಶೀಲಾ ಫೋಟೊ ಎತ್ತಿ ಹಿಡಿದರು.

“ಕನ್ನಡಕ ಹಾಕ್ಕೊಳ್ಳೇ ಮಂಗಳಾ! ಧೂಳು ಎದ್ದಿರೋದು ನನ್ನ ಕಾಲ ಹಿಂದೆ. ನಾನಿನ್ನೂ ಗಾಳೀಲಿದ್ದೀನಿ, ಬೆರಳು ಆಗಲೇ ಎದುರು ತಂಡದವಳ ಬೆನ್ನ ಮೇಲದೆ. ಜಾರಿ ಬಿದ್ದವರು ಹಿಂಗಿರ್ತಾರಾ?”

ಮಂಗಳಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಹಾರಿದ್ದೀಯ ಕಣೇ,” ಎಂದರು. “ಆದ್ರೂ ಆಮೇಲೆ ಬಿದ್ದೆಯಲ್ಲ!”

ಸ್ಟುಡಿಯೊ ನಗೆಯಲ್ಲಿ ಮುಳುಗಿಹೋಯಿತು. ಮರುಳಪ್ಪನವರು ಫೋಟೊದ ಹಿಂದೆ ತಮ್ಮ ಹೆಸರು ಬರೆದುಕೊಟ್ಟರು. ಮರುದಿನ ಇನ್ನೊಂದು ನೆಗೆಟಿವ್ ತಂದರು.

ಆಮೇಲೆ ಆರು ವರ್ಷ, ಇನ್ನೂರಕ್ಕೂ ಮೀರಿ ಚಿತ್ರಗಳು. ಈಗ ನನ್ನ ಮೂತಿ ಕಟ್ಟಿದೆ, ಬಿಡಿಭಾಗ ಸಿಗುವುದಿಲ್ಲ. ಕತ್ತಲೆಕೋಣೆಯ ಮೂಲೆಯಲ್ಲಿ ಕೂತಿದ್ದೇನೆ. ಹೊರಗೆ ಹೊಸ ಪ್ರಿಂಟರಿದೆ. ಅದರಿಂದ ಬಂದ ಒಣ ಹಾಳೆಯನ್ನು ಮರುಳಪ್ಪನವರು ಇವತ್ತಿಗೂ ಇಲ್ಲಿಗೆ ತಂದು ತಂತಿಗೆ ಸಿಕ್ಕಿಸುತ್ತಾರೆ. ಕೇಳಿದರೆ “ಸುಮ್ನೆ” ಎನ್ನುತ್ತಾರೆ.

ನಿನ್ನೆ ಹಾಗೆ ಸಿಕ್ಕಿಸಿ ತುಸು ಹೊತ್ತು ನೋಡಿ, ನನ್ನ ಮುಚ್ಚಳವನ್ನು ಅಂಗೈಯಿಂದ ಒರೆಸಿದರು.

“ಚೆನ್ನಾಗೈತೆ ಗಂಗಾ,” ಎಂದರು. “ಆದ್ರೆ ಧೂಳಂದ್ರೆ ಇವನದೇ.”

ಕಾರ್ಖಾನೆಯ ಆ ಹೆಂಗಸು ಅವತ್ತು ಪರೀಕ್ಷೆಯ ಹಾಳೆ ನೋಡಿ ಹೇಳದೆ ಬಿಟ್ಟದ್ದು ನನಗೆ ಆಗ ಕೇಳಿಸಿತು.