ಬಾಗಿಲ ಬದಿಯ ಗುಂಪು

“ಇವ್ರಿಗಿ ಇಲ್ಲಿ ಯಾಕ ಕುಂದ್ರಿಸೀರಿ, ಟೀಚರ್?”

ರಮಾಬಾಯಿ ಹೊಸ್ತಿಲಾಚೆ ನಿಂತು ಕೇಳಿದ ರೀತಿಗೆ ಮೂರನೇ ತರಗತಿಯ ಗದ್ದಲ ಗಪ್ಪೆಂದು ನಿಂತಿತು. ಮೊಮ್ಮಗಳು ಲುಂಬಿನಿ ಮರೆತುಬಂದ ಬುತ್ತಿ ಕೊಡಲು ಬಂದವಳು ಅವಳು. ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

ಭಾಗ್ಯಜ್ಯೋತಿ ಟೀಚರ್‌ಗೆ ಆ ಪ್ರಶ್ನೆ ಕೇಳಿ ಖುಷಿಯೇ ಆಯಿತು, ಪಾಪ. ಸೇಡಂನಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಒಬ್ಬೊಬ್ಬ ಮಗುವಿನ ಓದನ್ನೂ ಪರೀಕ್ಷಿಸಿ ಗುಂಪು ಮಾಡಿದ್ದಳು. ಸರಾಗ ಓದುವವರು ಕಿಟಕಿಯ ಕಡೆ, ಅಕ್ಷರ ಕೂಡಿಸಿ ಓದುವವರು ನಡುವೆ, ತೀರಾ ತಡವರಿಸುವ ನಾಲ್ವರು ಬಾಗಿಲ ಬದಿಯ ಚಾಪೆಗೆ. ಇಷ್ಟೆಲ್ಲ ಮಾಡಿದರೂ ಹೆಡ್‌ಮಾಸ್ತರರು ಇತ್ತ ಹಣಿಕಿ ಹಾಕಿರಲಿಲ್ಲ.

“ಆಯಿ, ಇದು ಓದಿನ ಮ್ಯಾಲ ಮಾಡಿದ ಗುಂಪು. ಇವ್ರು ಜರಾ ಹಿಂದ ಉಳಿದಾರ, ಅದಕ್ಕ ನಾನೇ ಬಾಜೂಕ ಕುಂತು ಕಲಸ್ತೀನಿ. ಬೇಕಾದ್ರ ಹೆಸರು ಕೇಳ್ರಿ. ರತ್ನದೀಪ, ಸಂಘಪಾಲ, ರಾಜರತ್ನ, ಲುಂಬಿನಿ...”

ನಾಲ್ಕನೇ ಹೆಸರಿಗೆ ಬರುವಷ್ಟರಲ್ಲಿ ಅವಳ ದನಿ ಇಳಿಯಿತು. ನಾಲ್ವರೂ ರಮಾಬಾಯಿಯ ಓಣಿಯವರೇ. ಊರಿನ ಬೇರೆ ಯಾವ ಓಣಿಯ ಮಗುವೂ ಆ ಚಾಪೆಯ ಮೇಲಿರಲಿಲ್ಲ. ತೊಗರಿ ಕೊಯ್ಲಿಗೆ ಹೋಗುವ ತಾಯಂದಿರು ಇವರನ್ನೂ ಹೊಲಕ್ಕೆ ಕರೆದೊಯ್ದಿದ್ದರು, ತಿಂಗಳಿಡೀ ಶಾಲೆ ತಪ್ಪಿತ್ತು. ಓದಿನ ಪರೀಕ್ಷೆಯೇನೋ ಸರಿಯಾಗಿಯೇ ಇತ್ತು. ಆದರೆ ಒಂದೇ ಓಣಿಯ ಮಕ್ಕಳು ಹದಿನೈದು ದಿನ ಕಣ್ಣೆದುರಿಗೇ ಬೇರೆಯಾಗಿ ಕೂತಿದ್ದದ್ದು ಭಾಗ್ಯಜ್ಯೋತಿಗೆ ಕಂಡಿರಲಿಲ್ಲ. ಎಂಥ ದಡ್ಡಿ ನಾನು ಎಂದು ತನ್ನನ್ನೇ ಬೈದುಕೊಂಡಳು.

“ನಿಮ್ಮ ಪಾದದ ಆಣಿ ಆಯಿ, ನಾ ಜಾತಿ ನೋಡಿ ಮಾಡಿಲ್ಲ.”

“ನೀವು ನೋಡಿರಲಿಕ್ಕಿಲ್ರಿ. ನಮಗ ಕಾಣ್ತದ.” ರಮಾಬಾಯಿ ಡಬ್ಬಿಯನ್ನು ಹೊಸ್ತಿಲ ಬದಿಗೆ ಇಟ್ಟಳು. “ಸಣ್ಣಾಕಿ ಇದ್ದಾಗ ನಾ ಎರಡು ವರ್ಷ ಇದೇ ಸಾಲಿಗಿ ಕಲಿಯಾಕ ಬಂದೀನಿ. ಈ ಹೊಸ್ತಿಲ ಹೊರಗ ಕುಂದರ್ತಿದ್ದೆ. ಮಾಸ್ತರ್ ನಾ ಬರದ ಪಾಟಿ ಮುಟ್ತಿರಲಿಲ್ಲ. ದೂರಿಂದೇ ನೋಡಿ ತಪ್ಪು ಅಂತಿದ್ರು. ಯಾವುದು ತಪ್ಪು ಅಂತ ನನಗ ಇವತ್ತಿಗೂ ಗೊತ್ತಿಲ್ಲ.”

ಭಾಗ್ಯಜ್ಯೋತಿಗೆ ಅಳು ಬಂತು. ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದಳು. “ಎಲ್ಲಾರೂ ಏಳ್ರಿ. ಓದಾಕ ಬರೋರು ಬರಲಾರದೋರು ಕೂಡೇ ಕುಂದರೂಣು. ಲುಂಬಿನಿ, ನೀ ಕಿಟಕಿ ಹತ್ರ ಚನ್ನೂನ ಕಡಿ ಹೋಗು.”

ಲುಂಬಿನಿ ಚಾಪೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ನಾ ಒಲ್ಲೆ. ಟೀಚರ್ ನಮ್ಮ ಬಾಜೂಕೇ ಕುಂದರ್ತಾರ.”

ರಮಾಬಾಯಿ ಮೊಮ್ಮಗಳನ್ನೇ ನೋಡಿದಳು. “ನಿನ್ನ ಪಾಟಿ ಮುಟ್ತಾರೇನ?”

“ಕೈ ಹಿಡ್ದು ಬರಸ್ತಾರ, ಆಯಿ!” ಇದೇನು ಕೇಳುವ ಮಾತೇ ಎನ್ನುವಂತಿತ್ತು ಹುಡುಗಿಯ ಮುಖ.

“ಅಲ್ಲಿಗೂ ಬಂದು ಹಿಡೀತೀನಿ, ಏಳವ್ವ,” ಎಂದಳು ಭಾಗ್ಯಜ್ಯೋತಿ. ಹುಡುಗಿ ಒಂದಿಷ್ಟು ಸೊಟ್ಟ ಮೋರೆ ಮಾಡಿ ಎದ್ದಳು. ಚನ್ನು ಸರಿದು ಜಾಗ ಬಿಟ್ಟ. ಚಾಪೆಗಳನ್ನು ಎಳೆದಾಡಿದ್ದಕ್ಕೆ ಧೂಳೆದ್ದಿತು. ಯಾರು ಯಾರ ಪಕ್ಕ ಎಂಬ ಜಗಳ ಎರಡು ಕಡೆ ಶುರುವಾಯಿತು.

“ನೀವೂ ಒಳಗ ಬರ್ರಿ, ಆಯಿ. ಕುಂದರ್ರಿ.”

ರಮಾಬಾಯಿ ಬಹಳ ಹೊತ್ತು ಅಲ್ಲೇ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ, ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು, ಸೆರಗು ಸರಿಪಡಿಸಿಕೊಂಡು ಎದುರಿಗೆ ನೋಡಿದಳು.

“ಇಲ್ಲಿಂದ ಬೋರ್ಡ್ ಪೂರಾ ಕಾಣ್ತದಲ್ಲ,” ಎಂದಳು.