ತಗ್ಗು ಕಾರಿನ ದಿಬ್ಬಣ

ಹೆಮ್ಮಿಗೆಯ ಸಿದ್ಧಾರ್ಥನಿಗೆ ತನ್ನ ಹಳೇ ಕಾರಿನ ಮೇಲಿದ್ದಷ್ಟು ಪ್ರೀತಿ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಾರದು ಎಂದು ಊರವರು ಆಡಿಕೊಳ್ಳುತ್ತಿದ್ದರು. ಪುಣ್ಯಕ್ಕೆ ಅವನಿಗಿನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ಮೊದಲ ಮದುವೆ ತಂಗಿ ದಿವ್ಯಳದು, ಬರುವ ಭಾನುವಾರ, ಟಿ. ನರಸೀಪುರದ ಛತ್ರದಲ್ಲಿ. ತಂಗಿಯನ್ನು ತನ್ನ ಕಾರಿನಲ್ಲೇ ಛತ್ರಕ್ಕೆ ಕರೆದೊಯ್ಯಬೇಕೆಂಬುದು ಅವನ ಆಸೆ. ಅವಳದೂ ಅದೇ ಹಟ.

ಆದರೆ ಈ ಮಹಾರಾಯ ಮಾಡಿಕೊಂಡದ್ದೇನು? ಕಾರು ನೆಲಕ್ಕೆ ಅಂಟಿಕೊಂಡಂತಿದ್ದರೇ ಚೆಂದವೆಂದು ಗಿಡ್ಡ ಸ್ಪ್ರಿಂಗ್ ಹಾಕಿಸಿ ತಗ್ಗಿಸಿಬಿಟ್ಟಿದ್ದ. ನೋಡಲು ಚೆಂದವೇ, ಸುಳ್ಳೇಕೆ ಹೇಳಲಿ! ಆದರೆ ನಾಲ್ಕು ಜನ ಕೂತರೆ ಸಾಕು, ಕಾರಿನ ಹೊಟ್ಟೆ ರಸ್ತೆಯ ಹಂಪುಗಳ ಉಬ್ಬಿಗೆ ಕರಕರ ಉಜ್ಜುತ್ತಿತ್ತು. ಹಂಪ್ ಬಂದಲ್ಲೆಲ್ಲ ಇಳಿದು, ನಡೆದು ದಾಟಿ, ಮತ್ತೆ ಹತ್ತುವುದು ಮನೆಯವರಿಗೆ ರೂಢಿಯಾಗಿಹೋಗಿತ್ತು. ಸಾಲದ್ದಕ್ಕೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು, ಟೈರುಗಳ ಒಳಗಿನ ಅಂಚು ಮಾತ್ರ ಸವೆಯುತ್ತಿತ್ತು.

"ಮದುವಣಗಿತ್ತಿನ ಹಂಪ್ ಹಂಪಿಗೂ ಇಳ್ಸಿ ನಡ್ಸಿಯೇನ್ಲಾ?" ಎಂದು ಅಪ್ಪ ಗೋವಿಂದಯ್ಯ ಗದರಿದರು. "ನಿನ್ ತೆವಳೋ ಕಾರಿಗೆ ನಾನಂತೂ ಕಾಲಿಡಲ್ಲ. ಶುಕ್ರವಾರದೊಳ್ಗೆ ಸರಿಯಾಗ್ದೆ ಓದ್ರೆ ಬ್ಯಾರೆ ಕಾರು ಏಳ್ಬುಡ್ತೀನಿ."

ಸಿದ್ಧಾರ್ಥ ಚಕ್ರಗಳ ಓರೆ ತಿದ್ದಿಸಲು ನಂಜನಗೂಡಿನ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಮೂರನೇ ಸಲ ಓಡಿದ. ಅಂಗಡಿಯ ನಂಜೇಶನಿಗೆ ರೇಗಿತು.

"ಎಲ್ಡು ಸಲಾನೂ ಕಂಪ್ಯೂಟರಲ್ಲಿ ಎಲ್ಲಾ ಸರಿಯಾಗೇ ತೋರುಸ್ತು. ಇಲ್ಲಿಂದ ಓಗಿ ಏನ್ ಮಾಡ್ತೀಯಪ್ಪ ನೀನು?"

"ಏನೂ ಇಲ್ಲ ಕಣಣ್ಣ. ಮನೆಯವರ್ನ ಕೂರುಸ್ಕೊಂಡು ಓಡುಸ್ತೀನಿ, ಅಷ್ಟೆಯ."

ನಂಜೇಶ ಹಣೆ ಚಚ್ಚಿಕೊಂಡ. "ಅಯ್ಯೋ ನಿನ್ನ! ಒಬ್ನೇ ಬಂದು ಅಲೈನ್‌ಮೆಂಟ್ ಮಾಡುಸ್ಕತೀಯ, ಆಮೇಲೆ ಊರ್ನೇ ತುಂಬ್ಕತೀಯ! ತಗ್ಸಿದ್ ಗಾಡಿ ಕಣ್ಲಾ ಇದು. ತೂಕ ಬಿದ್ದಂಗೆ ಇನ್ನೂ ಕುಸೀತದೆ, ಚಕ್ರ ಓರೆಯಾಯ್ತವೆ. ಎಲ್ಡು ಬೆಳ್ಳಷ್ಟು ಮ್ಯಾಲೆತ್ಲೇಬೇಕು. ಮದ್ವೆ ದಿನ ಯಾರ್ಯಾರು ಕೂರ್ತಾರೋ ಅವ್ರನ್ನೆಲ್ಲ ಕರ್ಕೊಂಡ್ ಬಾ. ಕೂರ್ಸಿಯೇ ಅಳತೆ ಮಾಡವ."

ಎರಡು ಬೆರಳು! ಸಿದ್ಧಾರ್ಥ ತನ್ನ ತಗ್ಗು ಕಾರನ್ನೊಮ್ಮೆ ಸವರಿ ನೋಡಿದ. ಆದರೂ ತಂಗಿಯ ಮುಖ ನೆನೆದು ಹೂಂ ಎಂದ.

ಶುಕ್ರವಾರ ಬೆಳಿಗ್ಗೆ ನಂಜೇಶ ಸ್ಪ್ರಿಂಗುಗಳಿಗೆ ದಪ್ಪ ಬಿಲ್ಲೆ ಕೊಟ್ಟು ಎತ್ತರಿಸಿ, ಕಾರನ್ನು ಅಳತೆಯ ಯಂತ್ರದ ಮೇಲೆ ಹತ್ತಿಸಿದ. ಹಿಂದಿನ ಸೀಟಿನ ನಡುವೆ ದಿವ್ಯ, ಒಂದು ಪಕ್ಕ ಕಳಸ ಹಿಡಿಯಬೇಕಿದ್ದ ಗೆಳತಿ ಕವನ, ಇನ್ನೊಂದು ಪಕ್ಕ ಸೋದರತ್ತೆ ಸಾಕಮ್ಮ. ಸಾಕಮ್ಮ ಕೂತದ್ದೇ ತಡ, ಕಾರು ಆ ಕಡೆಗೆ ವಾಲಿತು.

"ಯಾಕ್ರಪ್ಪಾ ಅಂಗೆ ನೋಡೀರಿ? ಒಬ್ಬಟ್ಟು ತಿಂದ ಮ್ಯಾಲೆ ಇನ್ನೂ ಎಲ್ಡು ಕೇಜಿ ಅಂತ್ಲೇ ಬರ್ಕಳಿ!" ಎಂದಳು ಆಕೆ. ನಗು ತಡೆಯಲಾರದೆ ಹುಡುಗಿಯರು ಕುಲುಕಾಡಿದರು.

"ಅಲ್ಲಾಡ್ಬ್ಯಾಡಿ ಕಣ್ರವ್ವಾ, ಅಳತೆ ತಪ್ತದೆ! ಮುಂದ್ಗಡೆ ಯಾರು ಕೂರೋರು?" ಎಂದ ನಂಜೇಶ.

ಮುಂದಿನ ಸೀಟು ಮದುವಣಗಿತ್ತಿಯ ಅಪ್ಪನದು. ಆ ಅಪ್ಪ ಮಾತ್ರ ಹಟ ಬಿಡದೆ ಬಸ್ಸಿನಲ್ಲೇ ಬಂದು, ಕೈಕಟ್ಟಿಕೊಂಡು ದೂರ ನಿಂತಿದ್ದರು. ಸ್ಟೀರಿಂಗ್ ಹಿಡಿದು ಕೂತಿದ್ದ ಸಿದ್ಧಾರ್ಥ ತಲೆ ತಗ್ಗಿಸಿದ.

"ಅಲ್ಲಿ ಯಾರೂ ಕೂರಲ್ಲ ಕಣಣ್ಣ."

"ತೂಕ ಬೇಕಲ್ಲಪ್ಪ. ಇರು, ಒಂದು ಮರಳು ಮೂಟೆ ಮಡುಗ್ತೀನಿ."

"ಏನಂದೆ?" ಗೋವಿಂದಯ್ಯ ದಾಪುಗಾಲು ಹಾಕಿ ಬಂದರು. "ನನ್ ಮಗಳ ದಿಬ್ಬಣ್ದಲ್ಲಿ, ನನ್ ಜಾಗ್ದಲ್ಲಿ ಮರಳು ಮೂಟೆನಾ? ಸರ್ಕೊಳಯ್ಯ ಅತ್ಲಾಗಿ!"

ಚಪ್ಪಲಿ ಬಿಟ್ಟು ಹತ್ತಿ ಕೂತೇಬಿಟ್ಟರು. ಸಿದ್ಧಾರ್ಥನಿಗೆ ಹಿಗ್ಗು ತಡೆಯಲಾಗಲಿಲ್ಲ. ದಿವ್ಯ ಹಿಂದಿನಿಂದ ಅವನ ಹೆಗಲನ್ನು ಚಿವುಟಿದಳು.

ಅಳತೆ ಮುಗಿಸಿ ಎಲ್ಲರೂ ಅದೇ ಕಾರಿನಲ್ಲಿ ಊರಿಗೆ ಹೊರಟರು. ಸ್ಟೀರಿಂಗ್ ಒಂದಿಷ್ಟೂ ಎಳೆಯಲಿಲ್ಲ. ನರಸೀಪುರದ ಹತ್ತಿರ ದೊಡ್ಡ ಹಂಪ್ ಕಂಡದ್ದೇ, ರೂಢಿಯಂತೆ ಸಾಕಮ್ಮ, ಕವನ ಇಬ್ಬರೂ ಬಾಗಿಲಿಗೆ ಕೈಹಾಕಿದರು.

"ಯಾರೂ ಇಳೀಬ್ಯಾಡಿ," ಎಂದರು ಗೋವಿಂದಯ್ಯ. "ಓಡ್ಸಪ್ಪ ನೀನು."

ಸಿದ್ಧಾರ್ಥ ಕಾರನ್ನು ಮೆಲ್ಲಗೆ ಹಂಪಿಗೆ ಹತ್ತಿಸಿದ. ಮುಂದಿನ ಚಕ್ರ ಹತ್ತಿ ಇಳಿಯಿತು, ಹಿಂದಿನದೂ ಇಳಿಯಿತು. ಎಲ್ಲರೂ ಕಿವಿಗೊಟ್ಟು ಕೂತಿದ್ದರು. ಕರಕರ ಸದ್ದೇ ಇಲ್ಲ!

ಗೋವಿಂದಯ್ಯ ಮಗನ ತೊಡೆ ತಟ್ಟಿದರು. "ಊವು ಕಟ್ಟೋರ್ಗೆ ಫೋನ್ ಮಾಡ್ಲಾ. ಈ ಕಾರ್ಗೇ ಕಟ್ಬೇಕು ಅಂತ ಏಳು."